ಹದಿನಾಲ್ಕು ವರ್ಷದ ನಂತರ ಊರಿಗೆ ಬರುವ ಕಡತ

ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾದವನು ಊರಿಗೆ ಬರುವ ಮೊದಲು ಅವನ ಕಡತ ಬರುತ್ತದೆ. ಜೈಲಿನ ಅಧೀಕ್ಷಕರ ಕಚೇರಿಯಿಂದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಲ್ಲಿಂದ ಠಾಣೆಗೆ, ಠಾಣೆಯಿಂದ ಒಬ್ಬ ಹೆಡ್ ಕಾನ್‌ಸ್ಟೆಬಲ್ಲಿನ ಕೈಗೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಊರು ಎಂದರೆ ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲ. ತೋಟದ ತಲೆಯಲ್ಲಿ ಒಂದು ಮನೆ, ಹಳ್ಳದ ಸಂಕ ದಾಟಿದರೆ ಗುಡ್ಡದ ಬುಡದಲ್ಲಿ ಇನ್ನೊಂದು. ಪೊಲೀಸರು ಎರಡೂ ಕಡೆ ಹೋಗಬೇಕು. ಅಪರಾಧಿಯ ಮನೆಯಲ್ಲಿ ಕೇಳುವುದು: ಬಂದರೆ ಎಲ್ಲಿರುತ್ತಾನೆ, ಯಾರು ನೋಡಿಕೊಳ್ಳುತ್ತೀರಿ? ಸತ್ತವನ ಮನೆಯ ಅಂಗಳದಲ್ಲಿ ಕೇಳುವುದು: "ಅವ್ನನ್ನ ಬಿಡೋ ಹಂಗೆ ಕಾಣುತ್ತೆ. ನಿಮ್ದೇನಾದ್ರೂ ತಕರಾರು ಇದ್ಯಾ ಅಮ್ಮಾ?" ಇದ್ದರೆ ಏನು ಮಾಡುತ್ತೀರಿ ಎಂದು ಆಕೆ ತಿರುಗಿ ಕೇಳಿದರೆ ಬಂದವನ ಬಳಿ ಉತ್ತರವಿರುವುದಿಲ್ಲ. ಅವನ ಕೆಲಸ ಬರೆದುಕೊಂಡು ಹೋಗುವುದು. ನಿರ್ಧಾರ ಆಗುವುದು ವಿಧಾನಸೌಧದಲ್ಲಿ.

ಜೀವಾವಧಿ ಶಿಕ್ಷೆ, ಅವಧಿಪೂರ್ವ ಬಿಡುಗಡೆಗಳ ಬಗ್ಗೆ ನಮ್ಮಲ್ಲಿ ಜಗಳ ಎದ್ದಾಗಲೆಲ್ಲ ಮಾತು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಕೊಂದವನನ್ನು ಬಿಡಬೇಕೋ ಬೇಡವೋ? ಆ ಪ್ರಶ್ನೆಗೆ ನನ್ನ ಉತ್ತರ, ಕೆಲವರನ್ನು ಬಿಡಬೇಕು ಎಂಬುದು. ಆದರೆ ಯಾರನ್ನು, ಯಾವ ಕಾರಣಕ್ಕೆ ಬಿಟ್ಟೆವು ಎಂದು ಹೇಳಬೇಕಾದವರು ಹೇಳುವುದಿಲ್ಲ. ಸಿಟ್ಟಿನ ಬಹುಪಾಲು ಹುಟ್ಟುವುದು ಅಲ್ಲೇ.

ಮೊದಲು ಒಂದು ತಪ್ಪು ತಿಳಿವಳಿಕೆ. "ಜೀವಾವಧಿ ಅಂದ್ರೆ ಹದ್ನಾಲ್ಕು ವರ್ಷ ತಾನೆ?" ಎಂಬ ಮಾತನ್ನು ಬಸ್‌ಸ್ಟ್ಯಾಂಡಿನಲ್ಲಿ ಮಾತ್ರವಲ್ಲ, ಓದಿದವರ ಬಾಯಲ್ಲೂ ಕೇಳಬಹುದು. ರಾಮನ ವನವಾಸದ ಲೆಕ್ಕ ತಾಳಮದ್ದಲೆಯಿಂದ ಕೋರ್ಟಿಗೂ ಬಂತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಕಾನೂನಿನಲ್ಲಿ ಜೀವಾವಧಿ ಎಂದರೆ ಉಸಿರಿರುವವರೆಗೆ. ಗಾಂಧೀಜಿ ಹತ್ಯೆಯ ಕೇಸಿನಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ಗೋಪಾಲ್ ಗೋಡ್ಸೆ, ಜೈಲಿನಲ್ಲಿ ಗಳಿಸಿದ ಮಾಫಿಯನ್ನೂ ಸೇರಿಸಿದರೆ ಜೀವಾವಧಿಗೆ ಲೆಕ್ಕ ಹಿಡಿಯುವ ಇಪ್ಪತ್ತು ವರ್ಷ ಮುಗಿದಿದೆ ಎಂದು ಸುಪ್ರೀಂ ಕೋರ್ಟಿಗೆ ಹೋದಾಗ, 1961ರಲ್ಲಿ ಕೋರ್ಟು ಒಪ್ಪಲಿಲ್ಲ. ಮಾಫಿ ಎಷ್ಟೇ ಕೂಡಿದರೂ ಸರ್ಕಾರ ಆದೇಶ ಮಾಡದೆ ಬಾಗಿಲು ತೆರೆಯುವುದಿಲ್ಲ ಎಂದಿತು. ಕನಿಷ್ಠ 14 ವರ್ಷ ಎಂಬ ಕಟ್ಟು ಬಂದದ್ದು ಆಮೇಲೆ, 1978ರಲ್ಲಿ. ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧದಲ್ಲಿ ಜೀವಾವಧಿ ಪಡೆದವನು ಕನಿಷ್ಠ 14 ವರ್ಷ ಜೈಲಿನಲ್ಲಿ ನಿಜವಾಗಿ ಕಳೆದಿರಲೇಬೇಕು ಎಂದು ದಂಡಪ್ರಕ್ರಿಯಾ ಸಂಹಿತೆಗೆ 433ಎ ಕಲಂ ಸೇರಿಸಿದರು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 475ನೇ ಕಲಂ. ಅಂದರೆ ಹದಿನಾಲ್ಕು ವರ್ಷಕ್ಕೆ ಬಿಡಲೇಬೇಕೆಂದಲ್ಲ, ಅದಕ್ಕಿಂತ ಮೊದಲು ಸರ್ಕಾರ ಬಿಡುವಂತಿಲ್ಲ ಎಂದು. ಜನರ ಬಾಯಲ್ಲಿ ಅದು ತಲೆಕೆಳಗಾಗಿದೆ.

ಇದರ ಮೇಲೆ ಸಂವಿಧಾನದ 161ನೇ ವಿಧಿ ಇದೆ. ರಾಜ್ಯಪಾಲರ ಕ್ಷಮಾದಾನದ ಅಧಿಕಾರ ಅದು. 1980ರ ಮಾರು ರಾಮ್ ತೀರ್ಪಿನ ಪ್ರಕಾರ 433ಎ ಆ ಅಧಿಕಾರವನ್ನು ಕಟ್ಟಿಹಾಕುವುದಿಲ್ಲ. ರಾಜ್ಯಪಾಲರು ನಡೆಯುವುದು ಸಚಿವ ಸಂಪುಟದ ಸಲಹೆಯಂತೆ. ಆದ್ದರಿಂದ ಕೊನೆಗೆ ಎಲ್ಲವೂ ಬಂದು ಸೇರುವುದು ಗೃಹ ಇಲಾಖೆಯ ಮೇಜಿಗೆ.

ಆ ಮೇಜಿನ ಮೇಲೆ ಏನನ್ನು ತೂಗಬೇಕು ಎಂಬುದೂ ಗೊತ್ತಿಲ್ಲದ ಸಂಗತಿಯಲ್ಲ. 2000ದಲ್ಲಿ ಲಕ್ಷ್ಮಣ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೋಡಬೇಕಾದ ಅಂಶಗಳನ್ನು ಹೇಳಿತು: ಅಪರಾಧ ಒಬ್ಬಿಬ್ಬರ ನಡುವಿನದೋ, ಇಡೀ ಸಮಾಜವನ್ನು ಬಾಧಿಸಿದ್ದೋ, ಮತ್ತೆ ಅದನ್ನೇ ಮಾಡುವ ಸಾಧ್ಯತೆ ಎಷ್ಟು, ಅಪರಾಧ ಮಾಡುವ ಶಕ್ತಿಯೇ ಈಗ ಉಳಿದಿದೆಯೋ ಇಲ್ಲವೋ, ಇನ್ನೂ ಒಳಗಿಟ್ಟುಕೊಳ್ಳುವುದರಿಂದ ಪ್ರಯೋಜನವೇನು, ಮನೆಯವರ ಸ್ಥಿತಿ ಹೇಗಿದೆ. ಒಳ್ಳೆಯ ಪ್ರಶ್ನೆಗಳೇ. ಒಂದೊಂದಕ್ಕೂ ಆ ಒಬ್ಬ ಮನುಷ್ಯನನ್ನು ಎದುರಿಗಿಟ್ಟುಕೊಂಡೇ ಉತ್ತರ ಹುಡುಕಬೇಕು. ನಮ್ಮ ಪದ್ಧತಿಯೋ ಸ್ವಾತಂತ್ರ್ಯೋತ್ಸವಕ್ಕೆ ಒಂದು ಪಟ್ಟಿ, ಗಣರಾಜ್ಯೋತ್ಸವಕ್ಕೆ ಇನ್ನೊಂದು. ಪರಪ್ಪನ ಅಗ್ರಹಾರದಿಂದ ಇಷ್ಟು, ಮೈಸೂರು, ಹಿಂಡಲಗಾ, ಕಲಬುರಗಿ, ಬಳ್ಳಾರಿ, ಶಿವಮೊಗ್ಗದಿಂದ ಇಷ್ಟು ಎಂದು ಮರುದಿನ ಪತ್ರಿಕೆಯಲ್ಲಿ ಓದುತ್ತೇವೆ. ಸಿಹಿ ಹಂಚುತ್ತಾರೆ, ಮಂತ್ರಿಗಳು ಬುದ್ಧಿ ಹೇಳುತ್ತಾರೆ, ಫೋಟೊ ಬರುತ್ತದೆ. ಒಬ್ಬನನ್ನು ಜೀವಾವಧಿಗೆ ಕಳಿಸುವಾಗ ಸಾಗರದಲ್ಲಿ ಕೂರುವ ಸೆಷನ್ಸ್ ನ್ಯಾಯಾಧೀಶರು ಪುಟಗಟ್ಟಲೆ ಕಾರಣ ಬರೆದಿರುತ್ತಾರೆ. ಅವನನ್ನು ಹೊರಗೆ ಕಳಿಸುವಾಗ ಪಟ್ಟಿಯಲ್ಲಿ ಒಂದು ಕ್ರಮಸಂಖ್ಯೆ, ಹೆಸರು, 'ಸನ್ನಡತೆ' ಎಂಬ ಒಂದು ಪದ.

ಜೈಲಿನಲ್ಲಿ ಸನ್ನಡತೆ ಎಂದರೇನು? ಗಲಾಟೆ ಮಾಡದೆ ಇರುವುದು, ಅಡುಗೆಮನೆಯಲ್ಲೋ ಕೈಮಗ್ಗದಲ್ಲೋ ಕೊಟ್ಟ ಕೆಲಸ ಮಾಡುವುದು, ಪೆರೋಲಿಗೆ ಹೋದವನು ಹೇಳಿದ ದಿನ ವಾಪಸಾಗುವುದು. ಇವೆಲ್ಲ ಬೇಕಾದ ಗುಣಗಳೇ. ಆದರೆ ಹೆಂಡತಿಯನ್ನು ಕೊಂದವನು ಗಂಡಸರ ಬ್ಯಾರಕ್ಕಿನಲ್ಲಿ ಹದಿನಾಲ್ಕು ವರ್ಷ ಸಾಧುವಾಗಿದ್ದ ಎಂಬುದರಿಂದ ಹೊರಗೆ ಅವನು ಹೆಣ್ಣೊಬ್ಬಳ ಜೊತೆ ಹೇಗಿರುತ್ತಾನೆ ಎಂದು ತಿಳಿಯುವುದಿಲ್ಲ. ಕಲಬುರಗಿ ಸೀಮೆಯ ಸಾಯಿಬಣ್ಣ ನಾಟೀಕಾರನ ಪ್ರಕರಣ ಕರ್ನಾಟಕದ ಜೈಲು ಇತಿಹಾಸದಲ್ಲಿ ಕೂತಿರುವುದು ಈ ಕಾರಣಕ್ಕೆ. 1988ರಲ್ಲಿ ಮೊದಲ ಹೆಂಡತಿಯನ್ನು ಕೊಂದು ಜೀವಾವಧಿ ಶಿಕ್ಷೆ ಪಡೆದವನು 1994ರಲ್ಲಿ ಪೆರೋಲ್ ಮೇಲೆ ಹೊರಬಂದು ಎರಡನೆಯ ಹೆಂಡತಿಯನ್ನೂ ಮಗಳನ್ನೂ ಕೊಂದ. ಗಲ್ಲು ಶಿಕ್ಷೆಯಾಯಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆಯಿತು. ಕೊನೆಗೆ ಆ ವಿಳಂಬದ ಕಾರಣಕ್ಕೇ ಹೈಕೋರ್ಟು 2023ರಲ್ಲಿ ಗಲ್ಲನ್ನು ಜೀವಾವಧಿಗೆ ಇಳಿಸಿತು. ಬಿಡುಗಡೆಯನ್ನು ವಿರೋಧಿಸುವವರು ಈ ಕಥೆ ಹೇಳಿದರೆ ಅದನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕಲಾಗದು.

ಅದೇ ಕಲಬುರಗಿಯ ಇನ್ನೊಂದು ಕಥೆಯನ್ನೂ ಹೇಳಬೇಕು. ವೈದ್ಯಕೀಯ ಓದುತ್ತಿದ್ದ ಹುಡುಗನೊಬ್ಬ 2002ರಲ್ಲಿ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದ, ಜೀವಾವಧಿಯಾಯಿತು. 2016ರ ಸ್ವಾತಂತ್ರ್ಯೋತ್ಸವದ ಪಟ್ಟಿಯಲ್ಲಿ ಹೊರಬಂದ. ಬಿಟ್ಟಲ್ಲಿಂದ ಓದು ಹಿಡಿದು 2019ರಲ್ಲಿ ಎಂಬಿಬಿಎಸ್ ಮುಗಿಸಿದ. ಹಬ್ಬದ ಪಟ್ಟಿಯನ್ನು ನಾನು ಎಷ್ಟೇ ಬೈದರೂ ಅವನು ಬಂದದ್ದು ಅಂಥದೇ ಒಂದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಒಳ್ಳೆಯವರಿರುವುದಿಲ್ಲ ಎಂಬುದು ನನ್ನ ದೂರಲ್ಲ. ಇವನನ್ನೂ ಸಾಯಿಬಣ್ಣನಂಥವನನ್ನೂ ಬೇರೆ ಮಾಡುವ ಜರಡಿ ಯಾವುದೆಂದು ಹೊರಗಿನವರಿಗೆ ಕಾಣುವುದಿಲ್ಲ ಎಂಬುದು ನನ್ನ ದೂರು.

ಮೈಸೂರು ರಂಗಾಯಣದ ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳಿಂದ ನಾಟಕ ಆಡಿಸುತ್ತ ಬಂದರು. ಅವರು ಆಡಿಸಿದ್ದರಲ್ಲಿ ಎಚ್.ಎಸ್. ಶಿವಪ್ರಕಾಶರ 'ಮಾರನಾಯಕ' ಒಂದು. ಅದು ಮ್ಯಾಕ್‌ಬೆತ್‌ನ ಕನ್ನಡ ರೂಪ. ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಪಾತ್ರವನ್ನು ಕೊಲೆ ಮಾಡಿ ಜೈಲಿಗೆ ಬಂದವನೇ ಮಾಡುವುದು ಎಂದರೆ ಯೋಚಿಸಿ. ಹೆಗ್ಗೋಡಿನ ನೀನಾಸಂ ಅಂಗಳದಲ್ಲಿ ನಾಟಕ ನೋಡಿ ಬೆಳೆದ ನಮ್ಮ ಸೀಮೆಯವರಿಗೆ ರಂಗದ ಮೇಲೆ ಮನುಷ್ಯ ಬದಲಾಗುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ. ಮನುಷ್ಯನ ಒಳಗಿನದನ್ನು ತಿಳಿಯಲು ಹಾಜರಿ ಪುಸ್ತಕಕ್ಕಿಂತ ಉತ್ತಮ ಸಾಕ್ಷಿಗಳಿವೆ ಎಂದಷ್ಟೇ ಇಲ್ಲಿ ಹೇಳುವುದು.

ಇನ್ನು ಸತ್ತವರ ಕಡೆಯವರು. ಘಟ್ಟದ ಕೆಳಗಿನ ವಾಮಂಜೂರಿನಲ್ಲಿ 1994ರ ಫೆಬ್ರುವರಿಯಲ್ಲಿ ಒಂದೇ ಮನೆಯ ನಾಲ್ವರನ್ನು ಕೊಂದವನು ಆ ಮನೆಗೆ ಸಂಬಂಧಿಯೇ. ಹಣ, ಚಿನ್ನದ ಆಸೆಗೆ ಮಾಡಿದ ಕೃತ್ಯ. ಮರಣದಂಡನೆಯಾಯಿತು, 2003ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಕ್ಷಮಾದಾನದ ಅರ್ಜಿ ವಿಲೇವಾರಿಯಾಗದೆ ವರ್ಷಗಳು ಕಳೆದವು. 2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹದಿನೈದು ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿದಾಗ ಅವರಲ್ಲಿ ಇವನೂ ಒಬ್ಬ, ವೀರಪ್ಪನ್ ಸಹಚರರೂ ಅದೇ ಗುಂಪಿನಲ್ಲಿದ್ದರು. 2022ರಲ್ಲಿ ಸನ್ನಡತೆಯ ಮೇಲೆ ಅವನ ಬಿಡುಗಡೆಯಾಗಲಿದೆ ಎಂಬ ಸುದ್ದಿ ಬಂತು. ಸತ್ತವರ ಕಡೆಯವರು ಮಂಗಳೂರಿನ ಪೊಲೀಸ್ ಕಮಿಷನರ್ ಕಚೇರಿಯ ಮೆಟ್ಟಿಲು ಹತ್ತಿದರು. ಬಿಡಬೇಡಿ, ನಮಗೆ ಭಯವಿದೆ ಎಂದರು. ಆ ಹೊತ್ತಿಗೆ ಗೃಹ ಖಾತೆ ಇದ್ದದ್ದು ತೀರ್ಥಹಳ್ಳಿಯ ಶಾಸಕ ಆರಗ ಜ್ಞಾನೇಂದ್ರರ ಬಳಿ. ಜೈಲು ಬರುವುದು ಅದೇ ಖಾತೆಯಡಿ.

ಇಲ್ಲಿ ಗಮನಿಸಬೇಕಾದದ್ದು, ಆ ಮನೆಯವರು ಹೋದದ್ದು ಪೊಲೀಸರ ಬಳಿಗೆ. ಬೇರೆಲ್ಲಿಗೆ ಹೋಗಬೇಕಿತ್ತು? ವಿಚಾರಣೆ, ಮೇಲ್ಮನವಿಯ ಹಂತದಲ್ಲಿ ನೊಂದವರ ಮಾತಿಗೆ ಕಾನೂನು ನಿಧಾನವಾಗಿಯಾದರೂ ಜಾಗ ಮಾಡಿಕೊಟ್ಟಿದೆ. ಅದಕ್ಕೆ ಕಾರಣವಾದ ಮುಖ್ಯ ತೀರ್ಪೂ ಕರ್ನಾಟಕದ್ದೇ: 2018ರ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣ. ಆರೋಪಿ ಖುಲಾಸೆಯಾದರೆ ನೊಂದವರು ಕೋರ್ಟಿನ ವಿಶೇಷ ಅನುಮತಿ ಕೇಳದೆ ನೇರವಾಗಿ ಮೇಲ್ಮನವಿ ಹಾಕಬಹುದು ಎಂದು ಸುಪ್ರೀಂ ಕೋರ್ಟು ಹೇಳಿದ್ದು ಅದರಲ್ಲಿ. ತೀರ್ಪು ಬರುವ ಹೊತ್ತಿಗೆ ಕೊಡಗಲಿ ಬದುಕಿರಲಿಲ್ಲ. ಬಿಡುಗಡೆಯ ಹಂತಕ್ಕೆ ಬಂದರೆ ಆ ದನಿ ಮತ್ತೆ ಅಂಗಳದಲ್ಲಿ ನಿಂತು ಕೇಳುವ 'ತಕರಾರು ಇದ್ಯಾ' ಎಂಬಲ್ಲಿಗೆ ಕುಗ್ಗುತ್ತದೆ. ಗುಜರಾತಿನ ಬಿಲ್ಕಿಸ್ ಬಾನೊ ಪ್ರಕರಣದಲ್ಲಿ 2022ರ ಆಗಸ್ಟ್ 15ರಂದು ಹನ್ನೊಂದು ಮಂದಿ ಹೊರಬಂದರು. ಹಾರ ಹಾಕಿ ಬರಮಾಡಿಕೊಂಡದ್ದನ್ನು ದೇಶ ನೋಡಿತು. ಶಿಕ್ಷೆಯಾದದ್ದು ಮಹಾರಾಷ್ಟ್ರದಲ್ಲಿ, ಆದ್ದರಿಂದ ಗುಜರಾತ್ ಸರ್ಕಾರಕ್ಕೆ ಆ ಅಧಿಕಾರವೇ ಇರಲಿಲ್ಲ ಎಂದು 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಆದೇಶ ರದ್ದು ಮಾಡಿತು. ಅದಕ್ಕೂ ಆಕೆಯೇ ಕೋರ್ಟಿಗೆ ಅಲೆಯಬೇಕಾಯಿತು.

ಸರ್ಕಾರ ಕಣ್ಣುಮುಚ್ಚಿ ಬಿಡುತ್ತದೆ ಎಂಬ ಅಪನಂಬಿಕೆ ಜನರಿಗಷ್ಟೇ ಅಲ್ಲ, ನ್ಯಾಯಾಧೀಶರಿಗೂ ಬಂದಿದೆ. ಅದರಿಂದ ಹುಟ್ಟಿದ ಹೊಸ ಶಿಕ್ಷೆಯೊಂದಕ್ಕೆ ತವರು ನಮ್ಮ ಬೆಂಗಳೂರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳನ್ನು 1991ರಲ್ಲಿ ರಿಚ್ಮಂಡ್ ರಸ್ತೆಯ ಆಕೆಯ ಮನೆಯ ಆವರಣದಲ್ಲೇ ಹೂತುಹಾಕಿದ್ದ ಗಂಡ ಸ್ವಾಮಿ ಶ್ರದ್ಧಾನಂದ. ಹೆಣ ಸಿಕ್ಕಿದ್ದು 1994ರಲ್ಲಿ. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ ಗಲ್ಲು ವಿಧಿಸಿದವು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ಬಗ್ಗೆ ಒಮ್ಮತಕ್ಕೆ ಬಂದರೂ ಶಿಕ್ಷೆಯ ಬಗ್ಗೆ ಒಪ್ಪಲಿಲ್ಲ. ಪ್ರಕರಣ ಮೂವರ ಪೀಠಕ್ಕೆ ಹೋಯಿತು. 2008ರ ಜುಲೈ 22ರ ತೀರ್ಪಿನಲ್ಲಿ ಆ ಪೀಠ ತನ್ನ ಇಕ್ಕಟ್ಟನ್ನು ಮುಚ್ಚಿಡಲಿಲ್ಲ. ಗಲ್ಲು ಹೆಚ್ಚಾಯಿತು, ಜೀವಾವಧಿ ಎಂದರೆ ಸರ್ಕಾರಗಳು ಮನುಷ್ಯನ ಮನಸ್ಸನ್ನೂ ಬಿಡುಗಡೆಯ ಪರಿಣಾಮವನ್ನೂ ಪರೀಕ್ಷಿಸದೆ ಯಾಂತ್ರಿಕವಾಗಿ ಮಾಫಿ ಕೊಟ್ಟು ಹದಿನಾಲ್ಕು ವರ್ಷಕ್ಕೆ ಬಿಟ್ಟುಬಿಡುತ್ತವೆ, ಅದು ಕಡಿಮೆಯಾಯಿತು. ಹಾಗಾಗಿ ನಡುವಿನ ದಾರಿ: ಮಾಫಿಯೇ ಇಲ್ಲದ, ಸಾಯುವವರೆಗಿನ ಜೈಲು. 2011ರಲ್ಲಿ ಆತನನ್ನು ಬೆಂಗಳೂರಿನಿಂದ ಸ್ಥಳಾಂತರಿಸಿದ್ದು ಸಾಗರದ ಜೈಲಿಗೆ. ನಮ್ಮ ಸಾಗರವಲ್ಲ, ಮಧ್ಯಪ್ರದೇಶದ್ದು.

ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳ ಪ್ರಕರಣದಲ್ಲಿ 2015ರ ಡಿಸೆಂಬರಿನಲ್ಲಿ ಐವರ ಸಂವಿಧಾನ ಪೀಠ ಈ ನಡುವಿನ ಶಿಕ್ಷೆಗೆ ಮುದ್ರೆ ಒತ್ತಿತು. ಅದೂ ಸರ್ವಾನುಮತವಲ್ಲ, ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಅಲ್ಲಿಂದ ಇಪ್ಪತ್ತು, ಇಪ್ಪತ್ತೈದು, ಮೂವತ್ತು ವರ್ಷ ಮಾಫಿ ಇಲ್ಲ ಎಂಬ ಶಿಕ್ಷೆಗಳು ಮಾಮೂಲಾದವು. ಸರಣಿ ಅಪರಾಧಿ ಉಮೇಶ್ ರೆಡ್ಡಿಯನ್ನು ಗಲ್ಲಿಗೆ ಕಾಯಿಸುತ್ತ ಹಿಂಡಲಗಾದಲ್ಲಿ ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿಟ್ಟಿದ್ದು ಕಾನೂನುಬಾಹಿರ ಎಂದು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ಇಳಿಸಿದಾಗಲೂ ಹಾಕಿದ ಷರತ್ತು ಇಂಥದೇ: ಕನಿಷ್ಠ ಮೂವತ್ತು ವರ್ಷ ಒಳಗೆ, ಆಮೇಲಷ್ಟೇ ಬಿಡುಗಡೆಯ ಮಾತು.

ಈ ತೀರ್ಪುಗಳನ್ನು ಓದುವಾಗ ನನಗೆ ನ್ಯಾಯಾಧೀಶರ ಆತಂಕ ಅರ್ಥವಾಗುತ್ತದೆ, ಪರಿಹಾರ ಒಪ್ಪಿಗೆಯಾಗುವುದಿಲ್ಲ. ಇಪ್ಪತ್ತೆಂಟರ ಆರೋಪಿಯನ್ನು ಕಟಕಟೆಯಲ್ಲಿ ನೋಡಿ ಐವತ್ತೆಂಟರಲ್ಲಿ ಇವನು ಹೇಗಿರುತ್ತಾನೆ ಎಂದು ಇಂದೇ ಹೇಳುವ ಶಕ್ತಿ ಯಾವ ಕೋರ್ಟಿಗೂ ಇಲ್ಲ. ಸರ್ಕಾರ ಕಡತವನ್ನು ಸರಿಯಾಗಿ ನೋಡುವುದಿಲ್ಲ ಎಂದಾದರೆ ಸರಿಯಾಗಿ ನೋಡುವ ಹಾಗೆ ಮಾಡಬೇಕೇ ಹೊರತು ಕಡತವನ್ನೇ ಮೂವತ್ತು ವರ್ಷ ಬೀಗ ಹಾಕಿಡುವುದಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರ ವಿಂಟರ್ ಪ್ರಕರಣದಲ್ಲಿ, ಜೀವಾವಧಿ ಕೈದಿಗೆ ಎಂದಾದರೊಂದು ದಿನ ತನ್ನ ಶಿಕ್ಷೆಯ ಪುನರ್‌ಪರಿಶೀಲನೆಯಾಗುತ್ತದೆ ಎಂಬ ಆಸೆಗಾದರೂ ಎಡೆಯಿರಬೇಕು ಎಂದಿತು. ಬಿಡಲೇಬೇಕು ಎಂದಲ್ಲ. ನಾರ್ವೆಯಲ್ಲಿ ಸಾಮಾನ್ಯವಾಗಿ ಅತಿ ದೊಡ್ಡ ಶಿಕ್ಷೆ 21 ವರ್ಷದ್ದು, ಆದರೆ ಸಮಾಜದ ರಕ್ಷಣೆಗೆಂದು ವಿಧಿಸುವ ಸೆರೆಯನ್ನು ಅಪಾಯ ತಗ್ಗಿಲ್ಲ ಎನಿಸಿದರೆ ಬೆಳೆಸುತ್ತ ಹೋಗಬಹುದು. ಎಪ್ಪತ್ತೇಳು ಮಂದಿಯನ್ನು ಕೊಂದ ಬ್ರೇವಿಕ್ 2022ರಲ್ಲಿ ಬಿಡುಗಡೆ ಕೇಳಿದಾಗ ಕೋರ್ಟು ವಿಚಾರಣೆ ಮಾಡಿ, ಕಾರಣ ಬರೆದು, ಇಲ್ಲ ಎಂದಿತು.

ಮಲೆನಾಡಿಗೇ ವಾಪಸು ಬರೋಣ. ಇಲ್ಲಿ ಗಂಡಸಿನ ಸೊಂಟದ ಕೊಕ್ಕೆಯಲ್ಲಿ ಕತ್ತಿ ತೂಗುತ್ತಿರುತ್ತದೆ. ಬೆಳಗ್ಗೆ ಸೊಪ್ಪು ಸವರುವುದು, ಬೇಲಿ ಬಿಡಿಸುವುದು, ಕಾಯಿ ಸುಲಿಯುವುದು ಎಲ್ಲ ಅದರಲ್ಲೇ. ಬೇಣದ ಗಡಿಗೋ ಕಾಲುವೆಯ ನೀರಿಗೋ ಕುಡಿದ ಮಾತಿಗೋ ಜಗಳ ಹತ್ತಿದರೆ ಆಯುಧ ಹುಡುಕಿ ಹೋಗಬೇಕಾದ್ದಿಲ್ಲ. ಕೈಯಲ್ಲೇ ಇರುತ್ತದೆ. ಹೀಗೆ ಒಂದು ಗಳಿಗೆಯಲ್ಲಿ ಕೊಂದವನೂ ಹೊಂಚು ಹಾಕಿ ಕೊಂದವನೂ ಜೈಲಿನಲ್ಲಿ ಒಂದೇ ಬ್ಯಾರಕ್ಕು, ಒಂದೇ ಹದಿನಾಲ್ಕು ವರ್ಷ. ಅಡಿಕೆ ಗಿಡ ನೆಟ್ಟು ಫಸಲಿಗೆ ಕಾಯುವುದು ಆರೇಳು ವರ್ಷ. ಇವನು ವಾಪಸು ಬರುವಾಗ ತಮ್ಮಂದಿರು ನೆಟ್ಟ ತೋಟ ಫಲ ಕೊಟ್ಟು ಅಷ್ಟೇ ಕಾಲ ಆಗಿರುತ್ತದೆ. ಹಿಸ್ಸೆಯಾಗಿದ್ದರೆ ಅವನ ಪಾಲು ಎಲ್ಲಿ ಎಂಬ ಹೊಸ ಜಗಳ. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ. ಚಳಿಗಾಲದಲ್ಲಿ ಅಡಿಕೆ ಸುಲಿಯುವ ಮನೆಗಳಿಗೆ ಆಳು ಬೇಕೇ ಬೇಕು. ರಾತ್ರಿ ದೀಪದಡಿ ಸಾಲಾಗಿ ಕೂತ ಹೆಂಗಸರ ನಡುವೆ ಇವನಿಗೂ ಒಂದು ಮೆಟ್ಟುಗತ್ತಿ ಕೊಟ್ಟು ಕೂರಿಸುವ ಮನೆ ಯಾವುದು? ಸುಧಾರಣೆ ಎಂಬುದು ಸರ್ಕಾರಿ ಭಾಷಣದಲ್ಲಿ ಎಷ್ಟು ಸಲ ಬಂದರೂ ಅದರ ಪರೀಕ್ಷೆ ನಡೆಯುವುದು ಆ ಮನೆಯ ಅಂಗಳದಲ್ಲಿ.

ತೀರ್ಥಹಳ್ಳಿಗಂತೂ ಇದು ಹಳೆಯ ವಿಷಯ. ತಾಯಿಯ ತಲೆ ಕಡಿದ ಪರಶುರಾಮನ ಕೊಡಲಿಗೆ ಅಂಟಿದ ರಕ್ತ ಯಾವ ತೀರ್ಥದಲ್ಲೂ ಪೂರ್ತಿ ಹೋಗದೆ, ಕೊನೆಗೆ ಉಳಿದ ಎಳ್ಳುಕಾಳಿನಷ್ಟು ಕಲೆ ಹೋದದ್ದು ಇಲ್ಲಿನ ತುಂಗೆಯಲ್ಲಿ ಎಂದು ಹೇಳುತ್ತಾರೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಊರಿಗೆ ಊರೇ ಬಂದು ರಾಮಕೊಂಡದಲ್ಲಿ ಮುಳುಗು ಹಾಕುವುದು ಆ ನಂಬಿಕೆಗೇ. ಆದರೆ ಪುರಾಣದಲ್ಲಿ ರೇಣುಕೆ ಮತ್ತೆ ಬದುಕಿ ಏಳುತ್ತಾಳೆ, ಮಗನ ಕೆಲಸ ಅರ್ಧ ಹಗುರವಾಗುತ್ತದೆ. ನಮ್ಮ ಠಾಣೆಯ ಕಡತದಲ್ಲಿ ಸತ್ತವರು ಏಳುವುದಿಲ್ಲ. ಅವರ ಹೆಂಡತಿ, ತಾಯಿ, ಆಗ ತೊಟ್ಟಿಲಲ್ಲಿದ್ದು ಈಗ ಕಾಲೇಜಿಗೆ ಹೋಗುವ ಮಗಳು ಇರುತ್ತಾರೆ.

ದೇಶದಲ್ಲಿ ಶಿಕ್ಷೆಯಾಗಿ ಜೈಲಿನಲ್ಲಿರುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಜೀವಾವಧಿಯವರು. ಅಷ್ಟು ಜನರನ್ನು ಸಾಯುವವರೆಗೆ ಒಳಗಿಟ್ಟುಕೊಳ್ಳಲು ಯಾವ ಸರ್ಕಾರದಿಂದಲೂ ಆಗುವುದಿಲ್ಲ. ಇಟ್ಟುಕೊಳ್ಳಲೂ ಬಾರದು. ಆದ್ದರಿಂದ ಬಿಡುಗಡೆ ನಡೆದೇ ನಡೆಯುತ್ತದೆ. 2025ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟು ಈ ಬಗ್ಗೆ ಒಂದು ಗಟ್ಟಿಯಾದ ಆದೇಶ ಕೊಟ್ಟಿದೆ. ನೀತಿ ಇರುವ ರಾಜ್ಯಗಳಲ್ಲಿ ಅರ್ಹತೆ ಬಂದ ಕೈದಿ ಅರ್ಜಿ ಹಾಕದಿದ್ದರೂ ಸರ್ಕಾರವೇ ಅವನ ವಿಷಯ ಪರಿಗಣಿಸಬೇಕು. ಷರತ್ತುಗಳು ಅಸ್ಪಷ್ಟವಾಗಿಯೂ ಪಾಲಿಸಲಾಗದಂತೆಯೂ ಇರಬಾರದು. ಕೊಟ್ಟರೂ ಕೊಡದಿದ್ದರೂ ಕಾರಣವನ್ನು ಸಂಕ್ಷಿಪ್ತವಾಗಿಯಾದರೂ ಬರೆದು ಕೈದಿಗೆ ತಿಳಿಸಬೇಕು. ವಕೀಲರನ್ನು ಇಡಲಾಗದೆ, ಯಾರ ಶಿಫಾರಸೂ ಇಲ್ಲದೆ ಒಳಗೇ ಮುದುಕನಾಗುತ್ತಿರುವ ಬಡ ಕೈದಿಗೆ ಇದರಿಂದ ಉಪಕಾರವಿದೆ.

ಕೈದಿಗೆ ತಿಳಿಸುವ ಆ ಕಾರಣಗಳನ್ನೇ ಸಂಕದ ಇನ್ನೊಂದು ಬದಿಯ ಮನೆಗೂ ತಿಳಿಸಲು ಏನು ಅಡ್ಡಿ? ಹಬ್ಬದ ದಿನ ಬಿಟ್ಟು, ಒಬ್ಬೊಬ್ಬರದೂ ಒಂದೊಂದು ಆದೇಶವಾಗಲಿ. ಶಿಕ್ಷೆ ಕೊಟ್ಟ ಕೋರ್ಟು ಏನೆಂದಿತು, ಠಾಣೆ ಏನೆಂದಿತು, ಮನೋವೈದ್ಯರು ನೋಡಿದ್ದರೆ ಏನೆಂದರು, ಸತ್ತವರ ಮನೆಯವರು ಏನೆಂದರು, ಅವರು ಬೇಡ ಎಂದಿದ್ದರೂ ಸರ್ಕಾರ ಬಿಡುತ್ತಿರುವುದು ಏಕೆ ಎಂದು ಅದರಲ್ಲಿರಲಿ. ಅವನು ಸಾಗರದಲ್ಲಿರುತ್ತಾನೋ ಹೊಸನಗರದಲ್ಲೋ, ಯಾವ ಠಾಣೆಗೆ ಎಷ್ಟು ದಿನಕ್ಕೊಮ್ಮೆ ಸಹಿ ಹಾಕುತ್ತಾನೆ, ಬೆದರಿಕೆ ಬಂದರೆ ಫೋನ್ ಮಾಡಬೇಕಾದ್ದು ಯಾರಿಗೆ ಎಂಬುದೂ ಇರಲಿ. ಕೋರ್ಟಿನ ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಅದೂ ಅವನು ಬಸ್ಸಿಳಿದ ಮೇಲಲ್ಲ, ಒಂದು ತಿಂಗಳಾದರೂ ಮುಂಚೆ, ಆಕ್ಷೇಪವಿದ್ದರೆ ಹೈಕೋರ್ಟಿಗೆ ಹೋಗಲು ಅವರಿಗೆ ಸಮಯ ಸಿಗುವ ಹಾಗೆ.